ಮಾಂಬಳ್ಳಿ ಸ್ಟಾಪಿನಲ್ಲಿ ದಿವ್ಯಳ ಫ್ಲೆಕ್ಸು

ದಿವ್ಯ ನಮ್ಮ ಅಣ್ಣ ಶಾಂತಮೂರ್ತಿಯ ಮಗಳು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಅವಳು ಮಿಲಿಟರಿ ಸೇರಿಬಿಟ್ಟಳು ಅನ್ನುವವರು ಊರಿನಲ್ಲಿ ಈಗಲೂ ಇದ್ದಾರೆ. ಸೇರಿ, ತಡೆಯಲಾರದೆ ಓಡಿ ಬಂದಳು ಅನ್ನುವವರೂ ಇದ್ದಾರೆ. ಎರಡೂ ಸುಳ್ಳು. ಸುಳ್ಳು ಹೇಳುವವರ ಜೊತೆ ಜಗಳ ಆಡಿ ಆಡಿ ನನ್ನ ಗಂಟಲು ಕೆಟ್ಟಿದೆ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯೋಣ ಅಂತ ಕೂತಿದ್ದೇನೆ. ನಾನು ಓದಿದ್ದು ಕಡಿಮೆ. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ಚಿಕ್ಕವಳಿದ್ದಾಗ ಅವಳ ಬಾಯಲ್ಲಿ ಮಾತೇ ಇರಲಿಲ್ಲ. ನಮ್ಮ ಅವ್ವ ಚನ್ನಮಲ್ಲಮ್ಮ ಬೆಳೆಸಿದ ರೀತಿ ಹಾಗೆ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಅವರು ಮುಗಿಸಿದ ಮೇಲೆ, ಕೇಳಿದರೆ ಮಾತ್ರ ಹೇಳಬೇಕು. ನಮ್ಮ ಮನೆಯಲ್ಲಿ ದೊಡ್ಡವರು ಮಾತು ಮುಗಿಸುವುದೇ ಇಲ್ಲ. ಹಾಗಾಗಿ ದಿವ್ಯಳ ಸರದಿ ಬರುತ್ತಲೇ ಇರಲಿಲ್ಲ. ಆದರೆ ಕೆಲಸದಲ್ಲಿ ಹಟಮಾರಿ. ಗಂಡುಹುಡುಗರು ಬಾವಿಯಲ್ಲಿ ಈಜುವುದನ್ನು ದಂಡೆ ಮೇಲೆ ಕೂತು ನೋಡುತ್ತಿದ್ದಳು. ಒಂದು ಬೇಸಿಗೆ ರಜದಲ್ಲಿ ಯಾರನ್ನೂ ಕೇಳದೆ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಧುಮುಕಿಬಿಟ್ಟಳು. ರಜ ಮುಗಿಯುವ ಹೊತ್ತಿಗೆ ಕ್ಯಾನು ಬೇಕಾಗಿರಲಿಲ್ಲ. ವಿಷಯ ಮನೆಗೆ ಗೊತ್ತಾಗಿದ್ದು, ಪಂಪ್‌ಸೆಟ್ಟಿನ ನೀರೊಳಗಿನ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡಾಗ ಅವಳು ನೀರಿಗಿಳಿದು ಬಿಡಿಸಿದ ದಿನ. ಅವರಮ್ಮ ಮಾಲಿನಿ ಅತ್ತಿಗೆ ಬಾವಿ ಕಟ್ಟೆ ಮೇಲೆ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದರೆ, ಇವಳು ಮೇಲೆ ಬಂದು ತಣ್ಣಗೆ, "ಈಗ ಸ್ವಿಚ್ ಆಕು ಚಿಕ್ಕಪ್ಪ" ಅಂದಳು.

ಯಳಂದೂರಿನ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಗ ಅಲ್ಲಿಗೆ ಸುಬೇದಾರ್ ಪುಟ್ಟಸಿದ್ದಯ್ಯ ಅನ್ನುವವರು ಬಂದು ಭಾಷಣ ಮಾಡಿದರು. ಹನೂರು ಕಡೆಯವರು, ಮಿಲಿಟರಿಯಿಂದ ನಿವೃತ್ತಿ ಆದವರು. ಕೊಳ್ಳೇಗಾಲದ ಹೊರಗೆ ಒಂದು ಹಳೇ ರೇಷ್ಮೆ ನೂಲಿನ ಶೆಡ್ಡು ಬಾಡಿಗೆಗೆ ಹಿಡಿದು, ಆಫೀಸರುಗಳ ಅಕಾಡೆಮಿಗೆ ಹೋಗಬೇಕು ಅನ್ನುವ ಹುಡುಗ ಹುಡುಗಿಯರನ್ನು ತಯಾರು ಮಾಡುವ ಶಾಲೆ ನಡೆಸುತ್ತಿದ್ದಾರೆ. ಈಗ ಹೆಣ್ಣುಮಕ್ಕಳನ್ನೂ ಆ ಅಕಾಡೆಮಿಗೆ ತೆಗೆದುಕೊಳ್ಳುತ್ತಾರೆ, ಪಿಯುಸಿ ಮುಗಿಸಿ ದೊಡ್ಡ ಪರೀಕ್ಷೆ ಪಾಸು ಮಾಡಬೇಕು, ಆಮೇಲೆ ಐದು ದಿನದ ಇಂಟರ್ವ್ಯೂ ಇರುತ್ತದೆ, ಅದರಲ್ಲಿ ಗೆದ್ದರೆ ಅಕಾಡೆಮಿ, ಅಕಾಡೆಮಿ ಮುಗಿಸಿದರೆ ಆಫೀಸರು ಅಂತ ಹೇಳಿದರಂತೆ. ದಿವ್ಯ ಅದನ್ನು ಮನಸ್ಸಿಗೆ ಹಾಕಿಕೊಂಡಳು. ಪಿಯುಸಿ ಮುಗಿದ ಮೇಲೆ ಶೆಡ್ಡಿನ ಶಾಲೆಗೆ ಹೋಗಿ ಓಡಿ ತೋರಿಸಿದಳು, ಲೆಕ್ಕದ ಪರೀಕ್ಷೆ ಬರೆದಳು. ಸೀಟು ಸಿಕ್ಕಿತು, ಅವತ್ತೇ ಅಲ್ಲಿನ ಹಾಸ್ಟೆಲಿನಲ್ಲಿ ಉಳಿದುಕೊಂಡಳು.

ಸಿಕ್ಕಿದ್ದು ಇಷ್ಟು ಮಾತ್ರ. ತಯಾರಿ ಮಾಡುವ ಶಾಲೆಯಲ್ಲಿ ಒಂದು ಸೀಟು.

ನಮ್ಮಪ್ಪ ಚಿಕ್ಕಮಾದಪ್ಪ ಮಾರನೇ ದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಬಿಳೀ ಪಂಚೆ ಉಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತಿ ಯಳಂದೂರಿಗೆ ಹೋಗಿಬಂದ. ಸಂಜೆ ಹೊತ್ತಿಗೆ ಮಾಂಬಳ್ಳಿ ಬಸ್ ಸ್ಟಾಪಿನಲ್ಲಿ ಟೀ ಅಂಗಡಿ ಪಕ್ಕ ಎರಡು ಸರ್ವೆ ಮರದ ಕಂಬದ ನಡುವೆ ಫ್ಲೆಕ್ಸು ಎದ್ದಿತ್ತು.

ಅದನ್ನು ನೋಡಬೇಕಿತ್ತು ನೀವು. ಹಿಂದೆ ಟ್ಯಾಂಕು, ಮೇಲೆ ವಿಮಾನ, ಮೂಲೆಯಲ್ಲಿ ಹುಲಿ ಮೇಲೆ ಕೂತ ದೇವರು ಮಾದಪ್ಪ. ಮಧ್ಯದಲ್ಲಿ ದಿವ್ಯ, ಎದೆ ತುಂಬ ಪದಕ ಹಾಕಿಕೊಂಡು ನಿಂತಿದ್ದಾಳೆ. ಮುಖ ಅವಳದು, ಕಾಲೇಜು ಐಡಿ ಕಾರ್ಡಿನದು. ಮೈ ಯಾರೋ ಆಫೀಸರಿನದು. ಫ್ಲೆಕ್ಸಿನ ಅಂಗಡಿಯವನು ಕಂಪ್ಯೂಟರಿನಲ್ಲಿ ಅಂಟಿಸಿದ್ದ. ಬಣ್ಣವನ್ನೂ ಒಂದಿಷ್ಟು ತಿಳಿ ಮಾಡಿದ್ದ. 'ಭಾರತೀಯ ಸೇನೆಗೆ ಆಯ್ಕೆಯಾದ ನಮ್ಮೂರ ವೀರಪುತ್ರಿಗೆ ಹಾರ್ದಿಕ ಅಭಿನಂದನೆಗಳು' ಅಂತ ದಪ್ಪ ಅಕ್ಷರ. ಕೆಳಗೆ ಶುಭ ಕೋರುವವರ ಸಾಲು. ನಮ್ಮಪ್ಪನ ಫೋಟೋ ದಿವ್ಯಳ ಫೋಟೋದಷ್ಟೇ ದೊಡ್ಡದು. ನಮ್ಮಣ್ಣ, ನಾನು, ಟೀ ಅಂಗಡಿಯಲ್ಲಿ ದಿನಾ ಕೂರುವ ಶಿವಮಲ್ಲಪ್ಪ, ಇನ್ನೂ ಯಾರ್ಯಾರೋ. ನನ್ನದು ಮದುವೆ ಆಲ್ಬಮ್ಮಿನಿಂದ ಕತ್ತರಿಸಿದ್ದು, ಪೇಟ ಹಾಗೇ ಇತ್ತು.

ಅಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. "ಅಪ್ಪಾ, ಅದು ಬರೀ ಇಸ್ಕೂಲು. ಇನ್ನೂ ಪರೀಕ್ಷೆ ಬರೀಬೇಕು, ಇಂಟರ್ವ್ಯೂ ಆಗ್ಬೇಕು. ಈಗ್ಲೇ ಸೇನೆಗೆ ಅಂತ ಆಕುಸ್ಬುಟ್ಟಿದ್ದೀಯಲ್ಲ!"

"ವೀಳ್ಯಶಾಸ್ತ್ರ ಆಯ್ತು ಅಂದ್ರೆ ಮದ್ವೆ ಆದಂಗೇ ಕಣ್ಲಾ. ವೀಳ್ಯ ಬದಲಾಯ್ಸ್‌ಕಂಡ ಮೇಲೆ ಎಣ್ಣಿನ್ ಮನೆಯೋರು ಬ್ಯಾರೆ ಗಂಡು ನೋಡಾರಾ? ಇಸ್ಕೂಲ್ನೋರು ತಕಂಡ್ರು ಅಂದ್ರೆ ಮಿಲ್ಟ್ರಿಯೋರು ತಕಂಡಂಗೆ."

"ಅದೂ ಇದೂ ಒಂದೇನಪ್ಪಾ?"

"ಒಂದೇ ಬುಡು. ನಿನ್ನ ಫೋಟನೂ ಆಕುಸಿವ್ನಿ, ಓಗ್ ನೋಡು, ಚೆನ್ನಾಗ್ ಬಂದದೆ."

ಅಪ್ಪನ ಮೇಲೆ ಸಿಟ್ಟು ಮಾಡುವುದು ಕಷ್ಟ. ಅವನು ಜಂಬಕ್ಕೆ ಮಾಡಿದ್ದಲ್ಲ. ನಮ್ಮ ವಂಶದಲ್ಲಿ ಫ್ಲೆಕ್ಸು ಹಾಕಿಸುವಂಥ ಕೆಲಸ ಅದುವರೆಗೆ ಯಾರೂ ಮಾಡಿರಲಿಲ್ಲ. ಮೊಮ್ಮಗಳು ಮಾಡಿದಳು, ಹಾಕಿಸಿದ.

ಆಮೇಲೆ ಶುರುವಾಯಿತು ಕಾಟ. ನನ್ನ ಮೋಟಾರ್ ವೈಂಡಿಂಗ್ ಅಂಗಡಿ ಇರುವುದು ಕೊಳ್ಳೇಗಾಲದಲ್ಲಿ. ಶಿವಮಲ್ಲಪ್ಪ ಅಲ್ಲಿಗೇ ಬಂದು ಸ್ಟೂಲೆಳೆದುಕೊಂಡು ಕೂತ.

"ಪ್ರಭುಸ್ವಾಮಿ, ನಿಮ್ ದಿವ್ಯಂಗೆ ಒಂದ್ ಮಾತೇಳು ಕಣ್ಲಾ. ಮಿಲ್ಟ್ರಿ ಕ್ಯಾಂಟೀನ್ನಾಗೆ ರಮ್ಮು ಬಾರಿ ಸಸ್ತಾ ಅಂತೆ. ಬರುವಾಗ ಒಂದೆರಡು ಬಾಟ್ಲು…"

"ಅವ್ಳಿಗೆ ಅಲ್ಲಿ ಮಜ್ಗೆನೇ ಸರ್ಯಾಗ್ ಸಿಕ್ತಿಲ್ಲ, ನಿನ್ಗೆ ರಮ್ಮು ಬೇಕಾ? ಏಳ್ಲೇ ಮೇಲಕ್ಕೆ, ಮೋಟ್ರು ಎತ್ತಿ ತಲೆ ಮೇಲಾಕ್ಬುಟ್ಟೇನು!"

ಅವನಿಗೆ ನಗು. ಫ್ಲೆಕ್ಸಿನಲ್ಲಿ ತನ್ನ ಫೋಟೋ ಇದೆ, ತನಗೆ ಹಕ್ಕಿದೆ ಅನ್ನುವ ಹಾಗೆ ಕೂತಿದ್ದ. ಹನೂರು ಕಡೆಯಿಂದ ಒಂದು ಗಂಡಿನ ಮನೆಯವರೂ ಬಂದುಹೋದರು. ಹುಡುಗಿಗೆ ಮಿಲಿಟರಿ ಕ್ವಾರ್ಟರ್ಸು ಸಿಕ್ಕಿದ ಮೇಲೆ ಹುಡುಗ ಅಲ್ಲೇ ಇದ್ದು ಏನಾದರೂ ಬಿಸಿನೆಸ್ಸು ಮಾಡುತ್ತಾನಂತೆ. ಮಾಲಿನಿ ಅತ್ತಿಗೆ ಕಾಫಿ ಕೊಟ್ಟು, ಬಾಯಿ ಬಿಗಿಹಿಡಿದು ಕಳಿಸಿದಳು.

ಇದೆಲ್ಲ ದಿವ್ಯಳಿಗೆ ಗೊತ್ತಿರಲಿಲ್ಲ. ಶೆಡ್ಡಿನ ಶಾಲೆಯಲ್ಲಿ ಫೋನು ವಾರಕ್ಕೊಂದು ಸಲ ಮಾತ್ರ. ಮೊದಲನೇ ಸಲ ಭಾನುವಾರದ ರಜ ಸಿಕ್ಕಿ ಊರಿಗೆ ಹೊರಟವಳು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದಾಳೆ. ನೋಡಿದವಳು ಇಳಿಯಲೇ ಇಲ್ಲ. ಕಂಡಕ್ಟರು ಮಾಂಬಳ್ಳಿ ಮಾಂಬಳ್ಳಿ ಅಂತ ಕೂಗಿದರೂ ಸೀಟಿನಲ್ಲಿ ತಲೆ ತಗ್ಗಿಸಿ ಕೂತು, ಮುಂದಿನ ಸ್ಟಾಪಿನಲ್ಲಿ ಇಳಿದು, ಗದ್ದೆ ಬದುವಿನ ಮೇಲೆ ನಡೆದು ಹಿತ್ತಲ ಬಾಗಿಲಿಂದ ಮನೆಗೆ ಬಂದಳು. ಕಾಲು ತುಂಬ ಕೆಸರು. ಅಂದು ನಾನೂ ಊರಲ್ಲೇ ಇದ್ದೆ.

ಅವಳ ತಾತ ಜಗಲಿಯಿಂದ, "ಯಾವಾಗ್ ಬಂದೆ ಕೂಸೆ? ಸ್ಟಾಪ್ನಲ್ಲಿ ನೋಡ್ದ್ಯಾ?" ಅಂತ ಕೇಳಿದ.

"ನೋಡ್ದೆ ತಾತ."

"ಎಂಗದೆ?"

"ಚೆನ್ನಾಗದೆ ತಾತ."

ಅಷ್ಟೇ ಅಂದಳು. ಆಮೇಲೆ ಕೊಟ್ಟಿಗೆ ಹತ್ತಿರ ನನ್ನನ್ನು ಕರೆದು, "ಚಿಕ್ಕಪ್ಪ, ಅದ್ನ ಇಳ್ಸ್‌ಬುಡು. ನಾನಿನ್ನೂ ಏನೂ ಆಗಿಲ್ಲ. ಇನ್ನೂ ಅಲ್ಲಿ ದಿನಾ ಅತ್ತುಸೋ ಮರಡಿಗುಡ್ಡನೇ ಸರ್ಯಾಗ್ ಅತ್ತಕ್ಕಾಯ್ತಿಲ್ಲ ನಂಗೆ" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು.

ನಾನು ಏಣಿ ಹೆಗಲಿಗೆ ಹಾಕಿಕೊಂಡು ಸ್ಟಾಪಿಗೆ ಹೋದೆ. ಯಾರು ಹೇಳಿದರೋ, ಅಪ್ಪ ಹಿಂದೆಯೇ ಬಂದ. ಏಣಿ ಹಿಡಿದುಕೊಂಡು, "ಏನ್ಲಾ ಮಾಡ್ತಿದ್ದೀಯ?" ಅಂದ.

"ಇಳಿಸ್ತೀನಿ. ಕೂಸಿಗೆ ಇಷ್ಟ ಇಲ್ಲ."

"ಯಾರ್ ಫ್ಲೆಕ್ಸ್ ಇಳಿಸ್ತಾರ್ಲಾ? ಸತ್ತೋರ್ದು. ಶಿವಗಣಾರಾಧನೆ ಮುಗುದ್ಮೇಲೆ ಇಳಿಸ್ತಾರೆ. ಬದುಕಿರೋರ್ದ ಇಳಿಸ್ತಾರಾ? ಗಾಳಿಗೆ ಅರ್ದೋಯ್ತದೆ, ಬಿಸ್ಲಿಗೆ ಬಣ್ಣ ಓಯ್ತದೆ, ಅದು ಬ್ಯಾರೆ. ಬದುಕಿ ಬಾಳೋ ಕೂಸಿನ ಮೊಕನ ಕೈಯ್ಯಾರೆ ಕೆಳಕ್ಕೆ ಇಳಿಸ್ತೀಯಾ ನೀನು?"

ನಮ್ಮ ಕಡೆ ಇರುವುದು ಹಾಗೇ. ಶ್ರದ್ಧಾಂಜಲಿಯ ಫ್ಲೆಕ್ಸು ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ತೆಗೆಯುತ್ತಾರೆ. ಅಭಿನಂದನೆಯದು, ಹುಟ್ಟುಹಬ್ಬದ್ದು, ಮದುವೆಯದ್ದು ತಾನಾಗಿ ಬೀಳುವವರೆಗೆ ಯಾರೂ ಮುಟ್ಟುವುದಿಲ್ಲ. ಎಲ್ಲೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ಏಣಿ ಹೊತ್ತುಕೊಂಡು ವಾಪಸ್ಸು ಬಂದೆ.

ಅಲ್ಲಿಂದ ಮುಂದೆ ದಿವ್ಯ ಊರಿಗೆ ಬಂದಾಗಲೆಲ್ಲ ಮುಂದಿನ ಸ್ಟಾಪಿನಲ್ಲಿ ಇಳಿದು ಗದ್ದೆ ಮೇಲೆ ಬಂದಳು. ಬರಬರುತ್ತ ಬರುವುದನ್ನೇ ಕಡಿಮೆ ಮಾಡಿದಳು. ಕ್ಲಾಸಿದೆ ಅನ್ನುವಳು. ಅವ್ವ ಚಟ್ನಿಪುಡಿ, ರವೆ ಉಂಡೆ ಕಟ್ಟಿ ನನ್ನ ಕೈಲಿ ಕಳಿಸುತ್ತಿದ್ದಳು. ನಾನು ಅಂಗಡಿ ಬಾಗಿಲು ತೆಗೆಯುವ ಮುಂಚೆ ಕೊಟ್ಟುಬರುತ್ತಿದ್ದೆ.

ಆ ಶಾಲೆ ನೋಡಿದರೆ ಶಾಲೆ ಅನ್ನಿಸುವುದಿಲ್ಲ. ಮಳೆ ಬಂದರೆ ಈಗಲೂ ಗೋಡೆಯಿಂದ ರೇಷ್ಮೆ ಹುಳುವಿನ ವಾಸನೆ ಬರುತ್ತದೆ. ಗೂಡು ಬೇಯಿಸುತ್ತಿದ್ದ ಜಾಗದಲ್ಲಿ ಅಡುಗೆ, ನೂಲು ತೆಗೆಯುತ್ತಿದ್ದ ಉದ್ದನೆ ಹಜಾರದಲ್ಲಿ ಪಾಠ. ಬೆಳಗಾಗುತ್ತಲೇ ಎಲ್ಲರೂ ಮರಡಿಗುಡ್ಡದ ಮೆಟ್ಟಿಲು ಹತ್ತಿ ಇಳಿಯಬೇಕು. ಆಮೇಲೆ ಹಗ್ಗ ಹತ್ತುವುದು, ಗೋಡೆ ಹಾರುವುದು, ಲೆಕ್ಕ, ಇಂಗ್ಲಿಷು. ಮೊದಮೊದಲು ಎಲ್ಲರಿಗಿಂತ ಕೊನೆಯಲ್ಲಿ ಏದುಸಿರು ಬಿಡುತ್ತ ಇಳಿಯುತ್ತಿದ್ದ ದಿವ್ಯ ಮಳೆಗಾಲದ ಹೊತ್ತಿಗೆ ಗಂಡುಹುಡುಗರ ಜೊತೆ ಮುಂದೆ ಬರುತ್ತಿದ್ದಳು. ಹಗ್ಗ ಅಂತೂ ಅಳಿಲು ಹತ್ತಿದ ಹಾಗೆ ಹತ್ತುತ್ತಿದ್ದಳು.

ಆಗದಿದ್ದದ್ದು ಒಂದೇ. ಗುಂಪು ಚರ್ಚೆ ಅಂತ ಮಾಡಿಸುತ್ತಾರೆ. ಸುತ್ತ ಕೂರಿಸಿ ಒಂದು ವಿಷಯ ಕೊಟ್ಟು, ಮಾತಾಡಿ ಅಂತ ಬಿಡುತ್ತಾರೆ. ನಾನು ಡಬ್ಬಿ ಕೊಡಲು ಹೋದ ಒಂದು ದಿನ ಬಾಗಿಲ ಹತ್ತಿರ ನಿಂತು ನೋಡಿದೆ. ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು. ಸಂತೆ ದಿನದ ಬಸ್ ಸ್ಟ್ಯಾಂಡೇ. ಇವಳು ಕೈ ಕಟ್ಟಿಕೊಂಡು ಒಬ್ಬೊಬ್ಬರ ಮುಖ ನೋಡುತ್ತ ಕೂತಿದ್ದಳು.

ಸುಬೇದಾರರು ತಡೆದು, "ದಿವ್ಯ, ಬಾಯಿ ತೆಗಿಯವ್ವ. ಯಾವಾಗ ಮಾತಾಡ್ತೀಯ?" ಅಂದರು.

"ಅವ್ರು ಮುಗಿಸ್ಲಿ ಅಂತ ಕಾಯ್ತಿದ್ದೆ ಸಾ."

"ಅವರು ಮುಗಿಸಲ್ಲ! ಮುಗಿಸೋ ಜಾತಿಯಲ್ಲ ಇವು. ನೀನೇ ನುಗ್ಗಬೇಕು."

"ಎಂಗ್ ನುಗ್ಗದು ಸಾ, ಮಾತಾಡ್ತಾವ್ರಲ್ಲ…"

ಮಕ್ಕಳೆಲ್ಲ ನಕ್ಕವು. ನನಗೆ ರೇಗಿಹೋಯಿತು. ಒಳಗೆ ನುಗ್ಗಿ ಎರಡು ಮಾತು ಅನ್ನಬೇಕು ಅಂತಿದ್ದೆ. ಸುಬೇದಾರರು ನನ್ನ ಕಡೆ ನೋಡಿ, "ನೀವು ನುಗ್ಗಬೇಡಿ ಪ್ರಭುಸ್ವಾಮಿ, ನಿಮಗೆ ಟ್ರೈನಿಂಗ್ ಬೇಕಿಲ್ಲ" ಅಂದರು. ದಿವ್ಯಳೂ ನಕ್ಕುಬಿಟ್ಟಳು.

ಬರೆಯುವ ಪರೀಕ್ಷೆ ಪಾಸಾಯಿತು. ದೇಶದಲ್ಲೆಲ್ಲ ಅಷ್ಟೊಂದು ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ನಮ್ಮ ಮಾಂಬಳ್ಳಿ ಹುಡುಗಿಯ ನಂಬರು ಬಂತು. ಅಪ್ಪ ಟೀ ಅಂಗಡಿಯಲ್ಲಿದ್ದವರಿಗೆಲ್ಲ ಟೀ ಹೇಳಿ, ಫ್ಲೆಕ್ಸಿನ ಕಡೆ ಬೆರಳು ತೋರಿಸಿ, "ನೋಡುದ್ರಾ? ನಾನ್ ಮೊದ್ಲೇ ಆಕುಸಿರ್ನಿಲ್ವಾ?" ಅಂದನಂತೆ. ಅಷ್ಟರಲ್ಲಿ ಫ್ಲೆಕ್ಸಿನ ಟ್ಯಾಂಕಿನ ಬಣ್ಣ ಹೋಗಿತ್ತು. ದಿವ್ಯಳ ಮುಖ ಮಾತ್ರ ಹಾಗೇ ಇತ್ತು.

ಇಂಟರ್ವ್ಯೂ ಬೆಂಗಳೂರಿನಲ್ಲಿ. ಅಣ್ಣ ಕರೆದುಕೊಂಡು ಹೋಗಿ ಗೇಟಿನ ಹತ್ತಿರ ಬಿಟ್ಟುಬಂದ. ಐದು ದಿನ ಇರುತ್ತದೆ, ಮುಗಿದ ಮೇಲೆ ಹೋಗಿ ಕರೆದುಕೊಂಡು ಬಂದರಾಯಿತು ಅಂತ ಎಲ್ಲರೂ ನಿರಾಳವಾಗಿದ್ದೆವು. ಮಾರನೇ ದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿ ಮೋಟಾರಿನ ಸುಟ್ಟ ಕಾಯಿಲು ಬಿಚ್ಚುತ್ತ ಕೂತಿದ್ದೇನೆ, ಬಾಗಿಲಿಗೆ ನೆರಳು ಬಿತ್ತು. ತಲೆ ಎತ್ತಿದರೆ ದಿವ್ಯ. ಕೈಯಲ್ಲಿ ಸೂಟ್‌ಕೇಸು.

ಮೊದಲನೇ ದಿನವೇ ಒಂದು ಜರಡಿ ಇದೆಯಂತೆ. ಅದರಲ್ಲಿ ನಿಲ್ಲದವರನ್ನು ಅವತ್ತೇ ಕಳಿಸಿಬಿಡುತ್ತಾರೆ. ಮಸುಕು ಮಸುಕಾದ ಒಂದು ಚಿತ್ರ ತೋರಿಸಿ ಅದರ ಮೇಲೆ ಕಥೆ ಬರೆಯಿರಿ ಅಂದರಂತೆ. ಬರೆದಳು. ಆಮೇಲೆ ಗುಂಪಿನಲ್ಲಿ ಕೂರಿಸಿ, ಎಲ್ಲರೂ ಸೇರಿ ಮಾತಾಡಿ ಒಂದೇ ಕಥೆ ಮಾಡಿ ಅಂದರಂತೆ. ಉಳಿದವರೆಲ್ಲ ಒಟ್ಟಿಗೆ ಶುರುಮಾಡಿದರು. ಇವಳು ಕಾದಳು. ಟೈಮು ಮುಗಿಯಿತು. ಅವತ್ತೇ ಹೊರಟವಳು ರಾತ್ರಿ ಮೈಸೂರಿನಲ್ಲಿ ಗೆಳತಿ ರೂಪಾಳ ಮನೆಯಲ್ಲಿದ್ದು ಬಂದಿದ್ದಳು.

"ಯಾವನ್ ಅವನು ಕಳ್ಸಿದ್ದು? ಮಾತಾಡ್ದೆ ಇರೋದು ತಪ್ಪಾ? ನಡಿ, ಈಗ್ಲೇ ಬೆಂಗಳೂರಿಗೋಗಿ…"

"ಚಿಕ್ಕಪ್ಪ, ಕೂತ್ಕೊ. ಅವ್ರದೇನೂ ತಪ್ಪಿಲ್ಲ."

ನಾನು ಕೂತೆ. ಪಕ್ಕದ ಹೋಟೆಲಿನಿಂದ ವಡೆ, ಟೀ ತರಿಸಿದೆ. ವಡೆ ಮುರಿದು ಮುರಿದು ತಟ್ಟೆಯಲ್ಲೇ ಇಟ್ಟಳು.

"ಸುಬೇದಾರ್ ಸಾರ್ಗೆ ಫೋನ್ ಮಾಡಿದ್ದೆ. ಇನ್ನೊಂದು ಸಲ ಪರೀಕ್ಷೆಗೆ ಕೂರ್ಬೋದಂತೆ, ವಯಸ್ಸದೆ. ಸೋಮವಾರ ಬೆಳಿಗ್ಗೆ ಬಂದ್ರೆ ಸೀಟ್ ಇಟ್ಟಿರ್ತೀನಿ, ಇಲ್ಲ ಅಂದ್ರೆ ಕಾಯ್ತಿರೋ ಇನ್ನೊಬ್ಬ ಉಡ್ಗಿಗೆ ಕೊಡ್ತೀನಿ ಅಂದ್ರು. ನಾನು ಓಗಲ್ಲ ಚಿಕ್ಕಪ್ಪ."

"ಯಾಕೆ ಮಗ?"

"ಮೈಸೂರ್ನಲ್ಲಿ ನರ್ಸಿಂಗ್ ಸೇರ್ಕತೀನಿ. ಅಲ್ಲೇ ಇದ್ಬುಡ್ತೀನಿ. ಇನ್ನೊಂದ್ಸಲನೂ ಇಂಗೇ ಆದ್ರೆ? ತಾತ ದಿನಾ ಅದ್ರ ಕೆಳ್ಗೆ ಕೂತಿರ್ತಾನೆ. ಈಗ್ಲೇ ತಾತಂಗೆ ಎಂಗ್ ಮೊಕ ತೋರ್ಸ್ಲಿ ಏಳು?"

ಹಗ್ಗ ಹತ್ತುವವಳು, ಬಾವಿಗೆ ಧುಮುಕುವವಳು, ಒಬ್ಬ ಮುದುಕನಿಗೆ ಹೆದರಿ ಕೂತಿದ್ದಳು. ಹೆದರಿಕೆಯೂ ಅಲ್ಲ ಅದು. ಅವನ ಮುಖ ಬಾಡುವುದನ್ನು ನೋಡಲಾರಳು. ಅಂಗಡಿ ಬಾಗಿಲು ಎಳೆದು, ಸೂಟ್‌ಕೇಸು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು, ಅವಳನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಟೆ. ಸ್ಟಾಪಿಗಿಂತ ಮುಂಚೆ ಈ ಕಡೆಯಿಂದಲೂ ಮನೆ ಹಿತ್ತಲಿಗೆ ಹೋಗುವ ಗದ್ದೆ ದಾರಿಯ ತಿರುವು ಬಂದಾಗ, ಅವಳಿಗೆ ಅದೇ ಬೇಕು ಅಂತ ಗಾಡಿ ನಿಧಾನ ಮಾಡಿದೆ.

ಅವಳು ಬೆನ್ನ ಹಿಂದಿನಿಂದ, "ಬ್ಯಾಡ. ನೇರ ಓಗು" ಅಂದಳು.

ಸ್ಟಾಪಿನಲ್ಲಿ ಗಾಡಿ ನಿಲ್ಲಿಸಿದೆವು. ಟೀ ಅಂಗಡಿ ತುಂಬ ಜನ. ಫ್ಲೆಕ್ಸಿನ ನೆರಳಲ್ಲಿ ಬೆಂಚಿನ ಮೇಲೆ ಅಪ್ಪ. ನೋಡಿದ್ದೇ ತಡ ಎದ್ದು ನಿಂತ.

"ಬಂದ್ಲು ನೋಡ್ರಪ್ಪಾ ನಮ್ ಮಿಲ್ಟ್ರಿ! ಐದ್ ದಿನದ್ ಕೆಲ್ಸ ಎಲ್ಡೇ ದಿನ್ಕೆ ಮುಗ್ಸ್‌ಕಂಡ್ ಬಂದವ್ಳೆ!"

"ಯಾವ ಊರಿಗಾಕುದ್ರವ್ವ? ಕಾಶ್ಮೀರಕ್ಕಾ?" ಅಂತ ಒಬ್ಬ. "ಬಂದೂಕ ಕೊಟ್ರಾ?" ಅಂತ ಇನ್ನೊಬ್ಬ. "ಸೂಟ್‌ಕೇಸ್ ಬಾರ ಅದೆ, ಬಾಟ್ಲು ಅವೆ ಕಣ್ರೋ" ಅಂತ ಶಿವಮಲ್ಲಪ್ಪ.

"ತಾತ…" ಅಂದಳು ದಿವ್ಯ. ಯಾರಿಗೂ ಕೇಳಲಿಲ್ಲ.

ಅಪ್ಪ ಟೀ ಹೇಳುತ್ತಿದ್ದ. "ತಾತ, ಒಂದ್ ಮಾತು" ಅಂದಳು ಮತ್ತೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಕೂಗಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ ಕೂಗಿದಳು.

"ಎಲ್ರೂ ಒಂದ್ ಗಳ್ಗೆ ಸುಮ್ಕಿರಿ! ನಾನ್ ಮಾತಾಡ್ಬೇಕು!"

ರಸ್ತೆ ಆಚೆ ಕಟ್ಟಿದ್ದ ಎಮ್ಮೆ ಬೆದರಿ ಎದ್ದು ನಿಂತಿತು. ಅವಳ ಗಂಟಲಲ್ಲಿ ಅಷ್ಟು ದನಿ ಇದೆ ಅಂತ ಹೆತ್ತವರಿಗೇ ಗೊತ್ತಿರಲಿಲ್ಲ. ಅಂಗಡಿಯೆಲ್ಲ ಗಪ್ಪಾಯಿತು.

"ನಾನು ಮಿಲ್ಟ್ರಿ ಸೇರಿಲ್ಲ. ಯಾವತ್ತೂ ಸೇರಿರ್ನಿಲ್ಲ. ಸುಬೇದಾರ್ ಸಾರ್ ಇಸ್ಕೂಲ್ನಲ್ಲಿ ಓದ್ತಿದ್ದೆ ಅಷ್ಟೆ. ಬ್ಯಾರೆ ಮಕ್ಳು ಟ್ಯೂಷನ್ಗೋಗಲ್ವಾ, ಅಂಗೆ. ಬೆಂಗ್ಳೂರಲ್ಲಿ ಮೊದಲ್ನೇ ದಿನವೇ ನನ್ನ ವಾಪಸ್ ಕಳ್ಸುದ್ರು. ಈ ಫೋಟದಲ್ಲಿ ಮೊಕ ಒಂದೇ ನಂದು. ಮೈ ನಂದಲ್ಲ, ಪದಕ ನಂದಲ್ಲ."

ಹೇಳಿ ಮುಗಿಸಿ ತುಟಿ ಕಚ್ಚಿಕೊಂಡು ನಿಂತಳು. ಅಪ್ಪ ಟೀ ಲೋಟ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

ಶಿವಮಲ್ಲಪ್ಪ ಮೆಲ್ಲಗೆ, "ಅಂಗಾರೆ ರಮ್ಮು…" ಅಂದ. ನಾನು ಅವನ ಕೊರಳಪಟ್ಟಿ ಹಿಡಿದೆ.

"ಬುಡ್ಲಾ ಅವ್ನ" ಅಂದ ಅಪ್ಪ, ನನ್ನ ಕಡೆ ನೋಡದೆ. ಆಮೇಲೆ ದಿವ್ಯಳನ್ನು ಕೇಳಿದ, "ಮೊದಲ್ನೇ ದಿನವೇ ಕಳ್ಸುದ್ರಾ?"

"ಊ ತಾತ."

"ಊಟ ಆಕಿ ಕಳ್ಸುದ್ರೋ, ಅಂಗೇ ಕಳ್ಸುದ್ರೋ?"

"ಊಟ ಆಕುದ್ರು ತಾತ. ಬಸ್ ಸ್ಟ್ಯಾಂಡ್ ಗಂಟ ಅವ್ರೇ ಬುಟ್ರು."

"ಅಂಗಾರೆ ಒಳ್ಳೆ ಜನ." ಅಪ್ಪ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿ ಅವಳನ್ನು ಕೂರಿಸಿಕೊಂಡ. "ನಿಮ್ಮಜ್ಜಿ ಮನೆಯೋರು ನಂಗೆ ನೀರೂ ಕೊಡ್ನಿಲ್ಲ ಕಣವ್ವ. ಸತ್ತೇಗಾಲಕ್ಕೆ ಸೈಕಲ್ ತುಳ್ಕಂಡ್ ಎಣ್ಣು ನೋಡಕ್ ಓಗಿದ್ದೆ. ಗಂಡು ಕಡ್ಡಿ ಇದ್ದಂಗದೆ, ನೊಗ ಎತ್ತಾನಾ ಅಂತ ಅವ್ರಪ್ಪ ಜಗ್ಲಿ ಮೇಲಿಂದ್ಲೇ ವಾಪಸ್ ಕಳ್ಸ್‌ಬುಟ್ಟ. ಒಳಕ್ಕೂ ಕರೀನಿಲ್ಲ."

ಇದು ನನಗೆ ಗೊತ್ತಿರದ ಸಂಗತಿ. ನಮ್ಮಪ್ಪನ ಮದುವೆ ಮೊದಲನೇ ಮಾತಿಗೇ ಆಯಿತು ಅಂತಲೇ ನಾವು ಕೇಳಿಕೊಂಡು ಬೆಳೆದಿದ್ದು.

"ಆಮೇಕೆ?" ಅಂದಳು ದಿವ್ಯ.

"ಆಮೇಕೇನು, ಬ್ಯಸಾಯ ಮಾಡ್ದೆ, ಉಂಡೆ, ಮುಂದಿನ್ ವರ್ಸ ಕಬ್ಬು ಕಡುದ್ಮೇಲೆ ಮತ್ತೆ ಓದೆ. ನಾಚ್ಕೆ ಆಯ್ತದೆ ಅಂತ ಕೂತಿದ್ರೆ ನಿಮ್ಮಪ್ಪ ಎಲ್ಲಿಂದ ಬತ್ತಿದ್ದ, ನೀನೆಲ್ಲಿಂದ ಬತ್ತಿದ್ದೆ?" ಲೋಟ ಕೆಳಗಿಟ್ಟು ಫ್ಲೆಕ್ಸು ನೋಡಿದ. "ಪ್ರಭುಸ್ವಾಮಿ, ಏಣಿ ತತ್ತಾ."

ಈಗ ಜನ ಬೇಡ ಅಂದರು. "ಬದುಕಿರೋ ಕೂಸಿಂದು ಇಳಿಸ್ಬಾರ್ದು ಚಿಕ್ಕಮಾದಪ್ಪ, ನೀನೇ ಏಳ್ತಿದ್ದೆ" ಅಂದ ಶಿವಮಲ್ಲಪ್ಪ. ಅವನ ಮುಖದಲ್ಲಿ ನಿಜವಾಗಿಯೂ ಗಾಬರಿ ಇತ್ತು.

"ಅದು ಕೂಸಿಂದಲ್ಲ ಕಣಪ್ಪ. ಈಗ್ಲೇ ಏಳುದ್ಲಲ್ಲ, ಮೈ ಯಾರ್ದೋ ಅಂತ. ಯಾರ್ದೋ ಮೈಗೆ ನಮ್ ಕೂಸಿನ ಮೊಕ ಅಂಟ್ಸಿ ಬಿಸ್ಲಲ್ಲಿ ನಿಲ್ಸಿದ್ದು ನನ್ ತಪ್ಪು. ಇಳಿಸ್ಬೋದು."

ಅಪ್ಪ ಏಣಿ ಹಿಡಿದುಕೊಂಡ, ಇನ್ನೊಂದು ಕಡೆ ಶಿವಮಲ್ಲಪ್ಪ. ದಿವ್ಯಳೇ ಮೇಲೆ ಹತ್ತಿ ತಂತಿಯ ಗಂಟು ಬಿಚ್ಚಿದಳು. ಆಚೆ ಕಂಬಕ್ಕೆ ಏಣಿ ಸಾಗಿಸುವವರೆಗೂ ಕಾಯದೆ ಕಂಬ ತಬ್ಬಿ ಹತ್ತಿದಳು. ಟೀ ಅಂಗಡಿಯವರೆಲ್ಲ ಕತ್ತೆತ್ತಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ರಮ್ಮಿನ ಮಾತು ಆಮೇಲೆ ಶಿವಮಲ್ಲಪ್ಪನ ಬಾಯಲ್ಲಿ ಬರಲಿಲ್ಲ.

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಫ್ಲೆಕ್ಸನ್ನು ಅಂಗಳದಲ್ಲಿ ಹಾಸಿಸಿ, ಕತ್ತರಿ ತಂದು, ದಿವ್ಯಳ ಮುಖ ಇರುವಷ್ಟನ್ನು ಕತ್ತರಿಸಿ ಬೇರೆ ಇಟ್ಟಳು. ತುಳಿದಾಡುವ ಕಡೆ ಕೂಸಿನ ಮುಖ ಬೀಳಬಾರದಂತೆ. ನಮ್ಮೆಲ್ಲರ ಮುಖ ಎಲ್ಲಿ ಬಿದ್ದರೂ ಆಯಿತು. ಉಳಿದದ್ದನ್ನು ಕರುವಿನ ಕೊಟ್ಟಿಗೆಗೆ ಹೊದಿಸಿದಳು. ಪೇಟ ಸುತ್ತಿಕೊಂಡ ನಾನು ಈಗ ಕರುವಿನ ನೆತ್ತಿ ಮೇಲೆ ಇದ್ದೇನೆ.

ಊಟಕ್ಕೆ ಕೂತಾಗ ದಿವ್ಯ ಕೇಳಿದಳು, "ಅಜ್ಜಿ, ತಾತ ಎರಡ್ನೇ ಸಲ ಬಂದಾಗ ನಿಮ್ಮಪ್ಪ ಒಪ್ಕಂಡ್ರಂತೆ, ನಿಜ್ವಾ?"

ಅವ್ವ ಸಾರು ಬಡಿಸುವುದನ್ನು ನಿಲ್ಲಿಸಿ ಅಪ್ಪನ ಕಡೆ ನೋಡಿದಳು. "ಎರಡ್ನೇ ಸಲ ಅಂದ್ನಾ? ಎರಡ್ನೇ ಸಲನೂ ನಮ್ಮಪ್ಪ ಇಲ್ಲ ಅಂದ. ಇವ್ನು ಬಂದಿದ್ದು ಮೂರು ಸಲ."

ಅಪ್ಪ ಮುದ್ದೆ ಮುರಿಯುತ್ತ, "ಊಟ ಮಾಡ್ರಿ, ಆರೋಯ್ತದೆ" ಅಂದ. ಅಣ್ಣನಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ದಿವ್ಯ ನಗಲಿಲ್ಲ. ತಾತನ ಕಡೆ ನೋಡಿದಳು. ಆಮೇಲೆ ಎದ್ದು ಹೋಗಿ ಸೂಟ್‌ಕೇಸಿನಿಂದ ಕೊಳೆ ಬಟ್ಟೆ ತೆಗೆದು ನೆನೆಹಾಕಿದಳು. ಸೋಮವಾರದ ಹೊತ್ತಿಗೆ ಒಣಗಬೇಕಿತ್ತಲ್ಲ.

ಸೋಮವಾರ ಬೆಳಿಗ್ಗೆ ನಾನೇ ಬಿಟ್ಟುಬಂದೆ. ಹೊರಡುವಾಗ ಅಪ್ಪ ಜಗಲಿಯಿಂದ ಇಳಿದು ಬಂದ. ಅವಳ ಹಣೆಗೆ ವಿಭೂತಿ ಹಚ್ಚಿ, "ಬಸ್ಸಿನ್ ಕಿಟ್ಕಿಯಿಂದ ಕೈ ಆಚ್ಗಾಕ್ಬ್ಯಾಡ" ಅಂದ. ನಾವು ಹೋಗುತ್ತಿದ್ದದ್ದು ಬೈಕಿನಲ್ಲಿ.

ನಾವು ಶೆಡ್ಡಿನ ಗೇಟಿಗೆ ಹೋಗುವ ಹೊತ್ತಿಗೆ ಮಕ್ಕಳು ಸಾಲಾಗಿ ಗುಡ್ಡದ ಕಡೆ ಓಡಲು ಶುರುಮಾಡಿದ್ದವು. ಸುಬೇದಾರರು ಸೀಟಿ ಬಾಯಲ್ಲಿಟ್ಟುಕೊಂಡು ನಿಂತಿದ್ದರು. ದಿವ್ಯಳನ್ನು ನೋಡಿ ಸೀಟಿ ತೆಗೆದು, "ಇವತ್ತು ರೆಸ್ಟ್ ತಗೋ, ನಾಳೆಯಿಂದ ಓಡು" ಅಂದರು. ಅವಳು ಸೂಟ್‌ಕೇಸನ್ನು ನನ್ನ ಕೈಗೆ ಕೊಟ್ಟು, ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಸಾಲಿನ ಹಿಂದೆ ಓಡಿಹೋದಳು.

"ಒಳಗೆ ಇಡಿ ಸೂಟ್‌ಕೇಸು. ಕಾಫಿ ಕುಡೀರಿ" ಅಂದರು ಸುಬೇದಾರರು.

ಕಾಫಿ ಕುಡಿದೆ. ಮೆಟ್ಟಿಲ ಮೇಲೆ ಮಕ್ಕಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಅವರಲ್ಲಿ ದಿವ್ಯ ಯಾರು ಅಂತ ಗೊತ್ತಾಗಲಿಲ್ಲ. ಇಳಿದು ಬರಲಿ, ಒಂದು ಸಲ ಮುಖ ನೋಡಿ ಹೋಗೋಣ ಅಂತ ಅಲ್ಲೇ ಕಟ್ಟೆ ಮೇಲೆ ಕೂತೆ. ಅಂಗಡಿ ಬಾಗಿಲಲ್ಲಿ ಮೋಟಾರು ಇಟ್ಟುಕೊಂಡು ಕಾಯುತ್ತಿದ್ದ ಗಿರಾಕಿಯೊಬ್ಬ ಫೋನು ಮಾಡಿ, ನೀರಿಲ್ಲದೆ ಪೈರು ಒಣಗ್ತಾ ಅದೆ, ಎಲ್ಲಿ ಸತ್ತಿದ್ದೀಯ ಅಂತ ಬಾಯಿಗೆ ಬಂದ ಹಾಗೆ ಬೈದ. ಬರ್ತೀನಿ ಕಣಣ್ಣ, ಇನ್ನೊಂದು ಗಳಿಗೆ, ಅಂದೆ.